ಮೇಲುಕೋಟೆಯ ಜೋಡಿ ಪಂಚೆ

ಮೇಲುಕೋಟೆಯ ಇತಿಹಾಸಕಾರರು ಶ್ರೀರಾಮಾನುಜರನ್ನೂ ದೇವರ ಕಿರೀಟಗಳನ್ನೂ ಕುರಿತು ಬರೆದಷ್ಟು ಅಲ್ಲಿಯ ಮಗ್ಗಗಳನ್ನು ಕುರಿತು ಬರೆದಿಲ್ಲ. ಇದಕ್ಕೆ ಕಾರಣವೂ ಉಂಟು. ರಾಜಮುಡಿಯು ರಾಜ ಒಡೆಯರ (೧೫೭೮–೧೬೧೭) ಹೆಸರನ್ನು ಹೊತ್ತು ಇಂದಿಗೂ ಉಳಿದಿದೆ. ಉಟ್ಟ ಬಟ್ಟೆಯಾದರೋ ಹರಿದುಹೋಗುತ್ತದೆ, ನೇಯ್ದವನ ಹೆಸರೂ ಅದರೊಡನೆಯೇ ಅಳಿಯುತ್ತದೆ. ಆದುದರಿಂದ ಕೈಮಗ್ಗದ ಪಂಚೆಗೆ ಹೆಸರಾದ ಈ ಊರಿನಲ್ಲಿ ನೇಯ್ಗೆಯ ಕ್ರಮವನ್ನೇ ಆಧಾರವಾಗಿ ಓದಬೇಕಾಗುತ್ತದೆ.

ಪಂಚೆಯ ಒಡಲು ಬಿಳಿ, ವಿನ್ಯಾಸವೆಲ್ಲ ಅಂಚಿನಲ್ಲಿ. ಯಾವ ಬಣ್ಣದ ಎಷ್ಟು ಎಳೆಗಳು, ಯಾವುದರ ಪಕ್ಕದಲ್ಲಿ ಯಾವುದು ಎಂಬುದು ಹಾಸು ಹೂಡುವಾಗಲೇ ನಿರ್ಧಾರವಾಗಬೇಕು. ಲಾಳಿ ಓಡತೊಡಗಿದ ಮೇಲೆ ತಿದ್ದಲು ಅವಕಾಶವಿಲ್ಲ. ಒಂದೇ ಹಾಸಿನ ಮೇಲೆ ಒಂದರ ಹಿಂದೊಂದಾಗಿ ನೇಯುವುದರಿಂದ ಜೋಡಿಯ ಎರಡು ಪಂಚೆಗಳ ಅಂಚುಗಳು ಎಳೆಗೆ ಎಳೆ ಹೊಂದುತ್ತವೆ. ಉಣ್ಣೆಯ ಕಾಲುಚೀಲ ಹೆಣೆಯುವವರು ಎರಡನೆಯದಕ್ಕಾಗಿ ಕುಣಿಕೆಗಳನ್ನು ಮೊದಲಿನಿಂದ ಎಣಿಸಬೇಕು. ನೇಕಾರನು ಅಂಚನ್ನು ಎರಡಕ್ಕೂ ಒಮ್ಮೆಯೇ ಎಣಿಸಿಬಿಡುತ್ತಾನೆ. ಆದರೆ ತುದಿಗಳ ಅಡ್ಡಪಟ್ಟೆ ಹೊಕ್ಕಿನ ಕೆಲಸ. ಅಲ್ಲಿ ಅವನಿಗೂ ಪ್ರತಿ ಪಂಚೆಗೆ ಹೊಸ ಎಣಿಕೆ ತಪ್ಪದು. ಜೋಡಿಯಲ್ಲಿ ಭೇದ ಹುಡುಕುವವರು ಅಲ್ಲಿಯೇ ನೋಡತಕ್ಕದ್ದು.

ಈ ಬೆರಳಗಲದ ಅಂಚೇ ನೇಕಾರನ ಜೀವನೋಪಾಯ. ಅಂಚಿಲ್ಲದ ಬಿಳಿಯ ಬಟ್ಟೆಯನ್ನು ಗಿರಣಿಯು ಅವನಿಗಿಂತ ಅಗ್ಗವಾಗಿ ಕೊಡಬಲ್ಲುದು. ೧೯೮೫ರ ಕೈಮಗ್ಗ ಮೀಸಲಾತಿ ಕಾಯಿದೆಯ ಮೇರೆಗೆ ೨೨ ಬಗೆಯ ವಸ್ತುಗಳು ಕೈಮಗ್ಗಕ್ಕೇ ಮೀಸಲಾದವು. ೧೯೯೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಾಯಿದೆಯನ್ನು ಎತ್ತಿಹಿಡಿಯಿತು. ಮುಂದೆ ಪಟ್ಟಿಯು ೧೧ಕ್ಕೆ ಇಳಿದಾಗಲೂ ಪಂಚೆ ಅದರಲ್ಲಿ ಉಳಿಯಿತು. ಆದರೂ ಯಂತ್ರಮಗ್ಗದ ಅನುಕರಣವನ್ನು ಅಂಗಡಿಯಲ್ಲಿ ಗುರುತಿಸುವುದು ಸುಲಭವಲ್ಲ. ಕಾಯಿದೆಗೆ ಬಹಳ ಹಿಂದೆಯೇ, ೧೯೬೦ರಲ್ಲಿ, ಶ್ರೀ ಸುರೇಂದ್ರ ಕೌಲಗಿಯವರು ಮೇಲುಕೋಟೆಯಲ್ಲಿ ಜನಪದ ಸೇವಾ ಟ್ರಸ್ಟನ್ನು ಸ್ಥಾಪಿಸಿದ್ದರು. ಅಲ್ಲಿ ಖಾದಿಯ ನೇಯ್ಗೆಯೂ ನಡೆದುಬಂದಿತು.