ಮಾನ್ಯಖೇಟದ ಶಾಲಾಕ್ಯವೂ ಮಧುಮೇಹಿಯ ಕಣ್ಣೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯನ್ನು ಕನ್ನಡಿಗರು ಕವಿರಾಜಮಾರ್ಗದ ನಿಮಿತ್ತ ಸ್ಮರಿಸುವುದು ವಾಡಿಕೆ; ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟವಷ್ಟೆ. ಆ ಆಸ್ಥಾನಕ್ಕೆ ವೈದ್ಯಶಾಸ್ತ್ರದ ಸಂಬಂಧವೂ ಉಂಟು. ಜೈನಮುನಿಯಾದ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಕಲ್ಯಾಣಕಾರಕದ ಕೊನೆಗೆ, ಚಿಕಿತ್ಸೆಯಲ್ಲಿ ಮಾಂಸವು ನಿಷ್ಪ್ರಯೋಜಕವೆಂದು ನೃಪತುಂಗನ ಸಭೆಯಲ್ಲಿ ಸಾಧಿಸಿದ ವಿಚಾರವಿದೆ. ಈ ನೃಪತುಂಗನು 9ನೆಯ ಶತಮಾನದ ಅಮೋಘವರ್ಷನೇ ಎಂಬುದು ಬಹುಜನ ವಿದ್ವಾಂಸರ ಮತ. ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು.

ಶಾಲಾಕ್ಯಕ್ಕೆ, ಎಂದರೆ ಕೊರಳಿನ ಮೇಲಣ ಅಂಗಗಳ ಚಿಕಿತ್ಸೆಗೆ, ಉಗ್ರಾದಿತ್ಯನು ಪೂಜ್ಯಪಾದನನ್ನು ಪ್ರಮಾಣವಾಗಿ ಹೆಸರಿಸುತ್ತಾನೆ. ಪೂಜ್ಯಪಾದನ ಆ ಗ್ರಂಥವು ಉಪಲಬ್ಧವಿಲ್ಲ. ಆದುದರಿಂದ ನೇತ್ರಶಸ್ತ್ರದ ಕ್ರಮವನ್ನು ತಿಳಿಯಲು ಸುಶ್ರುತಸಂಹಿತೆಯ ಉತ್ತರತಂತ್ರಕ್ಕೇ ಹೋಗಬೇಕು. ಅಲ್ಲಿ ಕಫಜ ಲಿಂಗನಾಶಕ್ಕೆ, ಕಣ್ಣಿನ ಕಪ್ಪು ಭಾಗವನ್ನು ಬಿಟ್ಟು ಅಪಾಂಗದ ಕಡೆಯ ಬಿಳಿಯಲ್ಲಿ ಶಲಾಕೆಯನ್ನು ಹೊಗಿಸುವ ವಿಧಿಯಿದೆ. ಈ ಕ್ರಮದಲ್ಲಿ ಪೊರೆಗಟ್ಟಿದ ಮಸೂರವು ಹೊರಗೆ ಬರುವುದಿಲ್ಲ, ದೃಷ್ಟಿಮಾರ್ಗದಿಂದ ಪಕ್ಕಕ್ಕೆ ಸರಿಯುತ್ತದೆ, ಅಷ್ಟೆ.

ಇಲ್ಲಿಯೇ ಅಭಿಮಾನಿಗಳು ಎಡವುವರು. 1970ರಲ್ಲಿ ರಾಬರ್ಟ್ ಮಾಕೆಮರ್ ಆರಂಭಿಸಿದ ವಿಟ್ರೆಕ್ಟೊಮಿಯಲ್ಲಿಯೂ ಉಪಕರಣವು ಬಿಳಿಯ ಭಾಗದಿಂದಲೇ, ಕಪ್ಪಿನ ಅಂಚಿನಿಂದ ಸುಮಾರು 3.5–4 ಮಿಲಿಮೀಟರ್ ಹಿಂದೆ, ಪ್ರವೇಶಿಸುತ್ತದೆ. ಆದುದರಿಂದ ರೆಟಿನಾದ ಶಸ್ತ್ರವನ್ನು ಪ್ರಾಚೀನರು ಬಲ್ಲರೆಂದು ವಾದಿಸಬಹುದೆ? ಎಂದಿಗೂ ಸಲ್ಲದು. ಬಾಗಿಲು ಸಮೀಪದ್ದು, ಹೊಕ್ಕವರ ಗುರಿ ಬೇರೆ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕವನ್ನು ಪ್ರಕಟಿಸುವ ಮುನ್ನ ಜೀವಂತ ಮನುಷ್ಯನ ರೆಟಿನಾವನ್ನು ವೈದ್ಯರು ಪರೀಕ್ಷಿಸುವಂತಿರಲಿಲ್ಲ. ಸುಶ್ರುತನು ಪ್ರಮೇಹವನ್ನು ನಿದಾನ-ಚಿಕಿತ್ಸಾಸ್ಥಾನಗಳಲ್ಲಿಯೂ 76 ನೇತ್ರರೋಗಗಳನ್ನು ಉತ್ತರತಂತ್ರದಲ್ಲಿಯೂ ಹೇಳಿದನು. ಮಧುಮೇಹಿಯ ರೆಟಿನಾದ ವಿಕಾರವನ್ನು ಎಡ್ವರ್ಡ್ ಯೇಗರ್ ವರ್ಣಿಸಿದುದು 1855ರ ಸುಮಾರಿಗೆ.

ಈ ಭೇದವು ಬರಿಯ ಪಂಡಿತವಾದವಲ್ಲ. ಪೊರೆ ತೆಗೆದರೆ ಕಣ್ಣು ಬಂದೇ ಬರುವುದೆಂಬ ಹಳೆಯ ನಂಬಿಕೆ ಜನರಲ್ಲಿ ಇಂದಿಗೂ ಬಲವಾಗಿದೆ. ಮಧುಮೇಹಿಯಲ್ಲಿ ಪೊರೆಯ ಹಿಂದೆ ರಕ್ತಸ್ರಾವವೋ, ರೆಟಿನಾವನ್ನು ಜಗ್ಗುವ ತಂತುಗಳೋ ಇದ್ದರೆ ಪೊರೆಯೊಂದನ್ನೇ ತೆಗೆದು ಫಲವಿಲ್ಲ; ರೆಟಿನಾವೊಂದನ್ನೇ ಸರಿಪಡಿಸಿದರೆ, ವಿಟ್ರೆಕ್ಟೊಮಿಯೇ ಮುಂದೆ ಪೊರೆಯನ್ನು ಬೆಳೆಸುವುದುಂಟು. ಆದುದರಿಂದಲೇ ಎರಡನ್ನೂ ಒಂದೇ ಸಲ ಮಾಡುವ ಪದ್ಧತಿ ಬಂದಿತು. 1967ರಲ್ಲಿ ಚಾರ್ಲ್ಸ್ ಕೆಲ್ಮನ್ ತಂದ ಶ್ರವಣಾತೀತ ಕಂಪನದ ಕ್ರಮದಿಂದ ಪೊರೆಯ ಛೇದವು ಕಿರಿದಾದುದು ಇದಕ್ಕೆ ನೆರವಾಯಿತು. ಚಿಂಚೋಳಿಯ ಕಡೆಯಿಂದ ದೂರದ ನಗರಕ್ಕೆ ಹೋಗುವ ರೋಗಿಗೆ ಎರಡನೆಯ ಶಸ್ತ್ರದ ಪ್ರಯಾಣವು ತಪ್ಪುವುದು ಸಣ್ಣ ಲಾಭವಲ್ಲ. ಆದರೂ ರೋಗವು ಉಲ್ಬಣಿಸಿದ ಕಣ್ಣಿನಲ್ಲಿ ಉರಿಯೂತ ಹೆಚ್ಚೀತೆಂದು ಎರಡನ್ನೂ ಬೇರೆಬೇರೆಯಾಗಿ ಮಾಡುವ ವೈದ್ಯರೂ ಇದ್ದಾರೆ.

ಲಿಂಗನಾಶದ ಆರು ಬಗೆಗಳಲ್ಲಿ ಕಫಜವೊಂದನ್ನೇ ಸುಶ್ರುತನು ಶಸ್ತ್ರಕ್ಕೆ ಒಪ್ಪಿಸಿ ಉಳಿದವನ್ನು ಕೈಬಿಟ್ಟನು. ಹಾಗೆ ಕೈಬಿಟ್ಟ ಕಣ್ಣುಗಳಲ್ಲಿ ಮಧುಮೇಹಿಗಳವೂ ಸೇರಿದ್ದಿರಬೇಕೆಂದು ನಮ್ಮ ಊಹೆ.