ಮಿಲಿಟರಿ ಕ್ಯಾಬಿನ್, ಟಾಟಾ ಚಾಸಿ

ಹಳಿಯಾಳದ ಹೊರಗಿನ ಒಂದು ಗ್ಯಾರೇಜಿನ ಹಿತ್ತಲಲ್ಲಿ ಕಳೆದ ವರ್ಷ ನಾನೊಂದು ಲಾರಿ ನೋಡಿದೆ. ಮುಂದೆ ನಿಂತು ನೋಡಿದರೆ ಎರಡನೇ ಮಹಾಯುದ್ಧದ ಫೋಟೋಗಳಲ್ಲಿ ಕಾಣುವ ಮೋಟು ಮೂತಿಯ ಮಿಲಿಟರಿ ಗಾಡಿ. ಬಗ್ಗಿ ಅಡಿಗೆ ನೋಡಿದರೆ ಟಾಟಾ ಚಾಸಿ, ಟಾಟಾ ಡೀಸೆಲ್ ಎಂಜಿನ್. ಹಿಂದಿನ ಬಾಡಿ ಇರಲಿಲ್ಲ. ಚಾಸಿಯ ಮೇಲೆ ಕಾಡುಬಳ್ಳಿ ಹಬ್ಬಿತ್ತು. ಇಪ್ಪತ್ತನೇ ಶತಮಾನದಲ್ಲಿ ಉತ್ತರ ಕನ್ನಡದ ಕಾಡಿನಿಂದ ನಾಟಾ ಹೇಗೆ ಹೊರಗೆ ಹೋಯಿತು ಎಂಬುದು ನನ್ನ ಪಿಎಚ್‌.ಡಿ.ಯ ವಿಷಯ. ಹಾಗಾಗಿ ಗ್ಯಾರೇಜಿನ ಹಿರಿಯ ಮಿಸ್ತ್ರಿಯನ್ನು, "ಇದು ಯಾವ ಕಾಲದ್ದು ಕಾಕಾ?" ಎಂದು ಕೇಳಿದೆ.

ಅವರು ಕೈ ಒರೆಸಿಕೊಳ್ಳುತ್ತ ಅಂದರು: "ಯಾವುದರದು ಕೇಳ್ತಿ ತಂಗಿ? ಮಾರಿದೋ, ಬೆನ್ನಿಂದೋ?"

ಕಾಲ ನಿರ್ಣಯ ಮಾಡುವುದು ಇತಿಹಾಸದ ವಿದ್ಯಾರ್ಥಿಗೆ ಕಲಿಸುವ ಮೊದಲ ಪಾಠ. ಆ ಪಾಠ ಇಲ್ಲಿ ಕೈಕೊಟ್ಟಿತು. ಈ ಲಾರಿಗೆ ಹುಟ್ಟಿದ ವರ್ಷ ಒಂದಲ್ಲ.

ಮುಖದ ಕಥೆ ಮೊದಲು. ಯುದ್ಧ ಶುರುವಾದಾಗ ಬ್ರಿಟಿಷ್ ಸೇನೆಯ ಅಳತೆಗೆ ತಕ್ಕ ಲಾರಿಗಳನ್ನು ಮಾಡಿಕೊಡುವ ಕೆಲಸ ಕೆನಡಾದ ಪಾಲಿಗೆ ಬಂತು. ಅಲ್ಲಿನ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಕಾರ್ಖಾನೆಗಳು 1945ರೊಳಗೆ ಇಂಥ 4 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಮಾಡಿದವು. 'ಕೆನೆಡಿಯನ್ ಮಿಲಿಟರಿ ಪ್ಯಾಟರ್ನ್' ಎಂದು ಅವುಗಳ ಹೆಸರು. ಕೆನಡಾದಲ್ಲಿ ಸ್ಟಿಯರಿಂಗ್ ಎಡಕ್ಕೆ, ಆದರೆ ಈ ಗಾಡಿಗಳಲ್ಲಿ ಬಲಕ್ಕೆ. ಹಡಗಿನಲ್ಲಿ ಜಾಗ ಉಳಿಯಲಿ, ಹಿಂದೆ ಸಾಮಾನಿಗೆ ಉದ್ದ ಸಿಗಲಿ ಎಂದು ಮೂತಿಯನ್ನು ಮೊಟಕು ಮಾಡಿದ್ದರು. ಅದರಿಂದ ಎಂಜಿನ್ ಅರ್ಧ ಕ್ಯಾಬಿನ್ನಿನೊಳಕ್ಕೇ ಬಂದು, ಡ್ರೈವರ್ ಅದರ ಪಕ್ಕದಲ್ಲಿ ಕೂರಬೇಕಾಯಿತು. ಯುದ್ಧದ ನಡುವೆ ಬಂದ ಕ್ಯಾಬಿನ್ನಿನಲ್ಲಿ ಮುಂದಿನ ಗಾಜು ತಲೆಕೆಳಗಾಗಿ ಓರೆಯಾಗಿದೆ. ಮೇಲಂಚು ಮುಂದಕ್ಕೆ ಚಾಚಿಕೊಂಡು, ಕೆಳಗಿನ ಅಂಚು ಹಿಂದಕ್ಕೆ ಸರಿದಿರುತ್ತದೆ. ಬಿಸಿಲು ಗಾಜಿಗೆ ಬಡಿದರೆ ಬೆಳಕು ನೆಲಕ್ಕೆ ಬೀಳಬೇಕು, ಮೇಲೆ ಹಾರುವ ಶತ್ರು ವಿಮಾನಕ್ಕೆ ಹೊಳೆಯಬಾರದು ಎಂಬ ಲೆಕ್ಕ ಅದು. ಹಳಿಯಾಳದ ಲಾರಿಯ ಗಾಜು ಒಡೆದುಹೋಗಿ ಎಷ್ಟು ವರ್ಷವಾಗಿತ್ತೋ ಗೊತ್ತಿಲ್ಲ. ಚೌಕಟ್ಟಿನ ಓರೆ ಮಾತ್ರ ಹಾಗೇ ಇತ್ತು.

ಇಂಥ ಗಾಡಿಗಳು ಬರ್ಮಾ ಗಡಿಯಲ್ಲಿ ಹೋರಾಡಿದ ಹದಿನಾಲ್ಕನೇ ಸೈನ್ಯದಲ್ಲೂ ಇದ್ದವು. ಯುದ್ಧ ಮುಗಿದಾಗ ಅವನ್ನೆಲ್ಲ ವಾಪಸು ಸಾಗಿಸುವ ಖರ್ಚಿಗಿಂತ ಇಲ್ಲೇ ಮಾರುವುದು ಅಗ್ಗವಾಗಿತ್ತು. ಸರ್ಕಾರದ ಡಿಸ್ಪೋಸಲ್ ಇಲಾಖೆ ಮಿಕ್ಕ ಸರಕನ್ನು ವಿಲೇವಾರಿ ಮಾಡಿತು. ಹೊಸ ಲಾರಿಗಳು ಸಿಗದಿದ್ದ ಕಾಲ ಅದು. ಅಶೋಕ್ ಮೋಟರ್ಸ್ ಹುಟ್ಟಿದ್ದು 1948ರಲ್ಲಿ. ಟಾಟಾದವರು ಜರ್ಮನಿಯ ಡೈಮ್ಲರ್–ಬೆನ್ಜ್ ಜೊತೆ ಸೇರಿ ಲಾರಿ ಮಾಡತೊಡಗಿದ್ದು 1954ರಲ್ಲಿ. ಈ ನಡುವಿನ ವರ್ಷಗಳಲ್ಲಿ ಪಶ್ಚಿಮ ಘಟ್ಟದ ನಾಟಾ ವ್ಯಾಪಾರಿಗಳಿಗೆ ನಾಲ್ಕೂ ಚಕ್ರಕ್ಕೆ ಎಳೆತವಿದ್ದ ಮಿಲಿಟರಿ ಲಾರಿ ವರದಂತೆ ಬಂತು.

ಏಕೆಂದರೆ ಇಲ್ಲಿನ ಕಷ್ಟ ಇದ್ದದ್ದು ರಸ್ತೆಯಲ್ಲಲ್ಲ, ರಸ್ತೆಯವರೆಗಿನ ದಾರಿಯಲ್ಲಿ. ಅಳ್ನಾವರದಿಂದ ದಾಂಡೇಲಿಗೆ ಬ್ರಿಟಿಷರ ಕಾಲದಲ್ಲೇ ರೈಲು ಬಂದಿತ್ತು. ಅದು ಬಂದದ್ದೇ ತೇಗ, ಮತ್ತಿ, ಹೊನ್ನೆಗಳಿಗಾಗಿ. ಕೂಪಿನಲ್ಲಿ ಬಿದ್ದ ದಿಮ್ಮಿ ಡಿಪೋ ತಲುಪಿದರೆ ಮುಂದಿನದು ಸಲೀಸು. ಆ ಮೊದಲ ಕೆಲವು ಮೈಲಿಗಳನ್ನು ಆನೆ, ಕೋಣ, ಎತ್ತುಗಳು ಎಳೆಯುತ್ತಿದ್ದವು. ಸೂಪಾ ಕಡೆಯ ಕಣಿವೆಗಳಲ್ಲಿ, ಮುಂಡಗೋಡದ ತೇಗದ ಕಾಡಿನಲ್ಲಿ ಅದೇ ಪಾಡು. 1955ರಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾಗಿ, 1959ರಲ್ಲಿ ಕಾಗದ ಬರತೊಡಗಿದ ಮೇಲೆ ಬಿದಿರಿನ ಸಾಗಾಟವೂ ಸೇರಿಕೊಂಡಿತು. 1966ರಲ್ಲಿ ಮುಂಡಗೋಡದಲ್ಲಿ ಟಿಬೆಟನ್ ನಿರಾಶ್ರಿತರ ವಸಾಹತು ಶುರುವಾಯಿತು. ಮುಂದೆ ಕಾಳಿ ನದಿಯ ವಿದ್ಯುತ್ ಯೋಜನೆ ಬಂತು. ಎಲ್ಲದಕ್ಕೂ ಲಾರಿ ಬೇಕು.

ಆದರೆ ನನ್ನ ಕಡತಗಳಲ್ಲಿ ಲಾರಿ ಇಲ್ಲ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಮುಂಬಯಿ ಅರಣ್ಯ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಎಷ್ಟು ಘನ ಅಡಿ ಮರ, ಎಷ್ಟು ರೂಪಾಯಿ ಆದಾಯ ಎಂಬ ಲೆಕ್ಕ ಸಾಲುಸಾಲಾಗಿ ಸಿಗುತ್ತದೆ. ಆ ಮರವನ್ನು ಹೊತ್ತ ಗಾಡಿ, ಕೆಟ್ಟರೆ ಕಾಡಿನೊಳಗೇ ಮಲಗಿ ರಿಪೇರಿ ಮಾಡಿದ ಮಿಸ್ತ್ರಿ, ದಿಮ್ಮಿಗೆ ಚೈನು ಬಿಗಿದ ಹಮಾಲ, ಇವರಿಗೆ ಆ ಕೋಷ್ಟಕದಲ್ಲಿ ಕಾಲಮ್ಮಿಲ್ಲ. ಹಿತ್ತಲಿನ ಆ ಲಾರಿಯ ಮುಂದೆ ನಾನು ಅಷ್ಟು ಹೊತ್ತು ನಿಂತದ್ದು ಅದಕ್ಕೇ.

ಮಿಸ್ತ್ರಿ ಕಾಕಾ ಹೇಳಿದ ಕ್ರಮ ಹೀಗಿತ್ತು. ಮಾಲಕರ ತಂದೆ ಹರಾಜಿನಲ್ಲಿ ತಂದ ಷೆವ್ರೋಲೆ ಅದು. ಆರು ಸಿಲಿಂಡರಿನ, 85 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಘಟ್ಟ ಹತ್ತುವಾಗ ಪೆಟ್ರೋಲು ಕುಡಿಯುವ ಪರಿ ನೋಡಿ ಕೆಲವು ವರ್ಷಕ್ಕೆ ಅದನ್ನಿಳಿಸಿ ಪರ್ಕಿನ್ಸ್ ಪಿ–6 ಡೀಸೆಲ್ ಕೂರಿಸಿದರು. ಇದು ಆಗ ದೇಶದಾದ್ಯಂತ ನಡೆದ ಕೆಲಸ. ಮುಂಬಯಿಯ ಪ್ರೀಮಿಯರ್ ಕಂಪನಿ ತನ್ನ ಡಾಜ್ ಲಾರಿಗಳಿಗೂ ಇದೇ ಎಂಜಿನ್ ಹಾಕುತ್ತಿತ್ತು. ಮದ್ರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಎಂಜಿನ್ನುಗಳನ್ನು ಇಲ್ಲೇ ಮಾಡತೊಡಗಿದ ಮೇಲೆ ಬಿಡಿಭಾಗಗಳ ಚಿಂತೆಯೂ ಕಡಿಮೆಯಾಯಿತು. ಅಶ್ವಶಕ್ತಿ ಹೆಚ್ಚೇನಲ್ಲ, ಆದರೆ ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗುತ್ತಲೇ ಭಾರ ಎಳೆಯುತ್ತದೆ. ದಿಮ್ಮಿ ಹೇರಿದ ಗಾಡಿಗೆ ಬೇಕಾದದ್ದು ಅದೇ.

ಕೊನೆಗೆ ಸೋತದ್ದು ಚಾಸಿ. ಎಷ್ಟು ಸಲ ವೆಲ್ಡಿಂಗ್ ಮಾಡಿದರೂ ಬಿರುಕು ಬಿಡತೊಡಗಿತು. "ಸೂಪಾ ಡ್ಯಾಮ್ ತುಂಬಿ ಒಂದೆರಡು ವರ್ಷ ಆಗಿತ್ತು" ಎಂದರು ಕಾಕಾ. ಸೂಪಾ ಅಣೆಕಟ್ಟು ಮುಗಿದದ್ದು 1987ರಲ್ಲಿ. ಸೂಪಾ ಊರು ನೀರಿನಡಿ ಹೋಗಿ, ತಾಲ್ಲೂಕಿನ ಕೇಂದ್ರ ಜೋಯಿಡಾ ಆಯಿತು. ಈ ಭಾಗದ ಹಿರಿಯರಿಗೆ ಅದೊಂದು ಪಂಚಾಂಗ. ಆ ಹೊತ್ತಿಗೆ ಮಾಲಕರಿಗೆ ಅಪಘಾತದಲ್ಲಿ ಕ್ಯಾಬಿನ್ ನಜ್ಜುಗುಜ್ಜಾದ ಒಂದು ಟಾಟಾ 1210 ಅಗ್ಗಕ್ಕೆ ಸಿಕ್ಕಿತು. 12 ಅಂದರೆ ಭಾರ ಸೇರಿ ಸುಮಾರು 12 ಟನ್, 10 ಅಂದರೆ ಸುಮಾರು 100 ಅಶ್ವಶಕ್ತಿ. ಬೆನ್ಜ್ ಕಂಪನಿಯಿಂದ ಬಂದ ಹೆಸರಿಡುವ ಪದ್ಧತಿ ಅದು. ಒಂದು ಗಾಡಿಯ ಬೆನ್ನು ಗಟ್ಟಿ, ಇನ್ನೊಂದರ ಮುಖ ಗಟ್ಟಿ. ಎರಡನ್ನೂ ಸೇರಿಸಲು ಹಳಿಯಾಳದಲ್ಲಿ ಮೂರು ವಾರ ಹಿಡಿಯಿತಂತೆ.

ನಮ್ಮಲ್ಲಿ ಇದು ಹುಚ್ಚು ಸಾಹಸವೇನೂ ಆಗಿರಲಿಲ್ಲ. ಭಾರತದಲ್ಲಿ ಲಾರಿ ಕಂಪನಿಗಳು ಬಹುಕಾಲ ಮಾರಿದ್ದು ಪೂರ್ತಿ ಲಾರಿಯನ್ನಲ್ಲ. ಎಂಜಿನ್, ಚಕ್ರ, ಸ್ಟಿಯರಿಂಗ್, ಮುಂದೊಂದು ತಗಡಿನ ಮೂತಿ, ಇಷ್ಟೇ. ಡ್ರೈವರ್ ಬಯಲಲ್ಲಿ ಕೂತು, ತಲೆಗೆ ಟವೆಲ್ ಸುತ್ತಿಕೊಂಡು, ಆ ಬೋಳು ಚಾಸಿಯನ್ನೇ ನೂರಾರು ಮೈಲಿ ಓಡಿಸಿಕೊಂಡು ಬರುತ್ತಿದ್ದ. ಕ್ಯಾಬಿನ್ ಕಟ್ಟುವುದು ಊರಿನ ಬಡಗಿ, ವೆಲ್ಡರ್, ಪೇಂಟರುಗಳ ಕೆಲಸ. ಚಾಸಿಗೆ ಕ್ಯಾಬಿನ್ ಹೊಂದಿಸುವುದು ಅವರಿಗೆ ದಿನದ ಅನ್ನ. ಇಲ್ಲಿ ಕ್ಯಾಬಿನ್ ಮರದ್ದಾಗುವ ಬದಲು ಕೆನಡಾದ್ದಾಯಿತು, ಅಷ್ಟೇ.

ಕಷ್ಟ ಇದ್ದದ್ದು ಅಳತೆಯಲ್ಲಿ. ಹಳೆ ಎಂಜಿನ್ನಿಗೆಂದು ಕ್ಯಾಬಿನ್ ನಡುವೆ ಇದ್ದ ಗೂಡು ಟಾಟಾ ಎಂಜಿನ್ನಿಗೆ ಸಾಲದು. ಅದನ್ನು ಕತ್ತರಿಸಿ ಎತ್ತರಿಸಿದರು. ಹಾಗೆ ಎತ್ತರಿಸಿದಾಗ ಡ್ರೈವರ್ ಸೀಟು ಬಾಗಿಲ ಕಡೆ ಸರಿಯಿತು. ಸೀಟು ಸರಿದ ಮೇಲೆ ಸ್ಟಿಯರಿಂಗ್ ದಂಡ, ಕ್ಲಚ್ಚು, ಬ್ರೇಕಿನ ಪೆಡಲುಗಳೂ ಸರಿಯಬೇಕು. ಆದರೆ ಸ್ಟಿಯರಿಂಗ್ ಬಾಕ್ಸ್ ಚಾಸಿಗೆ ಬಿಗಿದದ್ದು, ಅದನ್ನು ಮನಬಂದಂತೆ ಸರಿಸಿದರೆ ಚಕ್ರ ಸರಿಯಾಗಿ ತಿರುಗುವುದಿಲ್ಲ. ಕೊನೆಗೆ ಬಾಕ್ಸ್ ಇದ್ದಲ್ಲೇ ಬಿಟ್ಟು ಇಡೀ ಕ್ಯಾಬಿನ್ನನ್ನೇ ನಾಲ್ಕು ಬೆರಳು ಹಿಂದಕ್ಕೆ ಕೂರಿಸಿದರಂತೆ. ಮಿಲಿಟರಿ ಗಾಡಿಯ ವೈರಿಂಗ್ 6 ವೋಲ್ಟಿನದು. ಅದನ್ನು ಪೂರ್ತಿ ಕಿತ್ತು ಹೊಸದಾಗಿ ಎಳೆದರು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕ್ಯಾಬಿನ್ ಕೂರುವ ಜಾಗ. ಕಾಡಿನ ಹೊಂಡದಲ್ಲಿ ಒಂದು ಚಕ್ರ ಇಳಿದು ಇನ್ನೊಂದು ಏರಿದಾಗ ಚಾಸಿ ಹಸಿ ಕೋಲಿನಂತೆ ತಿರುಚುತ್ತದೆ. ಕ್ಯಾಬಿನ್ನನ್ನು ನಾಲ್ಕು ಮೂಲೆಗೂ ಬಿಗಿಯಾಗಿ ಬೋಲ್ಟು ಹಾಕಿದರೆ ಆ ತಿರುಚು ಕ್ಯಾಬಿನ್ನಿಗೂ ಏರಿ, ಬಾಗಿಲ ಕಂಬದ ಬುಡದಲ್ಲಿ ತಗಡು ಸೀಳುತ್ತದೆ, ಗಾಜು ಒಡೆಯುತ್ತದೆ. ಅದಕ್ಕೇ ಮುಂದೆ ಎರಡು ಕಡೆ, ಹಿಂದೆ ನಡುವೆ ಒಂದೇ ಕಡೆ ಕಟ್ಟಿದರು. ಮೂರು ಕಾಲಿನ ಸ್ಟೂಲು ಎಂಥ ನೆಲದ ಮೇಲೂ ಅಲುಗದೆ ನಿಲ್ಲುವ ಹಾಗೆ. ನಡುವೆ ಹಳೆ ಟಾಯರಿನಿಂದ ಕತ್ತರಿಸಿದ ರಬ್ಬರ್ ತುಂಡು. ಕಾಕಾ ಬಗ್ಗಿ ಅದನ್ನು ಬೆರಳಿಂದ ಒತ್ತಿ ತೋರಿಸಿದರು. ಮೂವತ್ತೈದು ವರ್ಷದ ಮೇಲೂ ಅದು ಮೆತ್ತಗಿತ್ತು. ಬಾಗಿಲ ಕಂಬದ ಬುಡದಲ್ಲಿ ಒಂದು ಬಿರುಕೂ ಇರಲಿಲ್ಲ.

ಈ ವಿದ್ಯೆಗೆ ಈಗ ಕಾನೂನಿನಲ್ಲಿ ಜಾಗವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ 2000ದ ತಿದ್ದುಪಡಿಯ ನಂತರ ಬಿಗಿಯಾಯಿತು. ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಇದಕ್ಕೆ ನನ್ನ ತಕರಾರಿಲ್ಲ. ಬ್ರೇಕು, ಸ್ಟಿಯರಿಂಗ್ ಊಹೆಯ ಮೇಲೆ ನಡೆಯಬಾರದು, ಎದುರಿಗೆ ಬರುವವರ ಜೀವವೂ ಜೀವವೇ.

ನನ್ನ ತಕರಾರು ಬೇರೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಾಗದ ಗಾಡಿಗೆ 'ವಿಎ' ಎಂಬ ವಿಶೇಷ ನಂಬರು ಸಿಗುತ್ತದೆ. ಆದರೆ ಅದು ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ ಮಾತ್ರ. ಲಾರಿ ಆ ಪಟ್ಟಿಯಲ್ಲೇ ಇಲ್ಲ. ಇದ್ದರೂ ನಮ್ಮ ಹಳಿಯಾಳದ ಲಾರಿ 'ಮೂಲ ರೂಪ' ಎಂಬ ಮಾತಿಗೆ ಸೋಲುತ್ತಿತ್ತು. ಅರಮನೆಯ ಶೆಡ್ಡಿನಲ್ಲಿ ನಿಂತ ಕಾರು ಮೂಲ ರೂಪದಲ್ಲಿ ಉಳಿಯಬಲ್ಲದು, ಏಕೆಂದರೆ ಅದು ದುಡಿಯಲೇ ಇಲ್ಲ. ದುಡಿದದ್ದು ಬದಲಾಗುತ್ತದೆ. ಬದಲಾದದ್ದನ್ನು ಪರಂಪರೆ ಅಲ್ಲ ಎಂದುಬಿಟ್ಟರೆ ದುಡಿದವರ ಇತಿಹಾಸ ತನ್ನಿಂದ ತಾನೇ ಪಟ್ಟಿಯಿಂದ ಹೊರಗೆ ಬೀಳುತ್ತದೆ.

ಹಾಗೆಂದು ನಾನು ಆ ಲಾರಿಯ ಕಾಲವನ್ನು ಹಾಡಿ ಹೊಗಳಲಾರೆ. ಅದು ಹೊತ್ತದ್ದು ಕಾಡನ್ನು. 1983ರಲ್ಲಿ ಇದೇ ಜಿಲ್ಲೆಯ ಸಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿಕೊಂಡು ನಿಂತದ್ದು ಇಂಥ ಲಾರಿಗಳು ಹೊತ್ತೊಯ್ಯುವುದನ್ನು ತಡೆಯಲಿಕ್ಕೆ. ಆಮೇಲೆ ಕಡಿತ ಇಳಿಯಿತು, 1996ರಲ್ಲಿ ಗೋದಾವರ್ಮನ್ ಪ್ರಕರಣದ ಆದೇಶ ಬಂತು, ದಾಂಡೇಲಿ–ಅಂಶಿ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಲಾರಿ ಹಿತ್ತಲು ಸೇರಿದ್ದು ಸರಿಯೇ. ಆದರೆ ಕಾಡು ಹೇಗೆ ಖಾಲಿಯಾಯಿತು ಎಂದು ಬರೆಯಲು ಹೊರಟವರಿಗೆ ಸಾಕ್ಷಿಯಾಗಿ ಆ ಲಾರಿಯೂ ಬೇಕು.

ನಾನು ಹೋದಾಗ ಅದಕ್ಕೆ ಗಿರಾಕಿ ಗೊತ್ತಾಗಿತ್ತು. ನಗರದ ಸಂಗ್ರಹಕಾರರೊಬ್ಬರಿಗೆ ಕ್ಯಾಬಿನ್ ಮಾತ್ರ ಬೇಕು. ಕತ್ತರಿಸಿದ ಗೂಡನ್ನು ಮುಚ್ಚಿ, ಸೇನೆಯ ಹಸಿರು ಬಳಿದು, 1940ರ ದಶಕದ ಹಾಗೆಯೇ ಮಾಡುತ್ತಾರಂತೆ. ಚಾಸಿ ಗುಜರಿಗೆ. ಮುಖ ಉಳಿಯುತ್ತದೆ, ಬೆನ್ನೂ ಉಳಿಯುವುದಿಲ್ಲ, ಎರಡನ್ನೂ ಸೇರಿಸಿದ ಬೆಸುಗೆಯೂ ಉಳಿಯುವುದಿಲ್ಲ. ಹಳಿಯಾಳದಲ್ಲಿ ನಡೆದ ಕೆಲಸ ಇದ್ದದ್ದು ಆ ಬೆಸುಗೆಯಲ್ಲಿ.

ತಡೆಯುವ ಅಧಿಕಾರ ನನಗಿರಲಿಲ್ಲ, ಮಾಲಕರಿಗೆ ದುಡ್ಡಿನ ಅಗತ್ಯವಿತ್ತು. ಎರಡು ದಿನ ಅಲ್ಲೇ ಉಳಿದು ಅಳತೆ ತೆಗೆದೆ. ಕಾಕಾ ಟೇಪಿನ ಒಂದು ತುದಿ ಹಿಡಿದರು, ನಾನು ಇನ್ನೊಂದು. ಗೂಡಿನ ಎತ್ತರ, ಕ್ಯಾಬಿನ್ ಹಿಂದೆ ಸರಿದ ನಾಲ್ಕು ಬೆರಳು, ಮೂರು ಕಟ್ಟುಗಳ ಜಾಗ, ಎಲ್ಲ ಬರೆದುಕೊಂಡೆ. ಮುಗಿದ ಮೇಲೆ ಅವರು ಹಿಂದಿನ ಬೋಲ್ಟು ಬಿಚ್ಚಿ, ಟಾಯರಿನ ರಬ್ಬರ್ ತುಂಡನ್ನು ಕಿತ್ತು ನನ್ನ ಕೈಗಿಟ್ಟರು.

"ಇದು ಅವರಿಗೆ ಬ್ಯಾಡ ಬಿಡು" ಅಂದರು.

ಅದೀಗ ನನ್ನ ಮೇಜಿನ ಮೇಲೆ, ಅರಣ್ಯ ಇಲಾಖೆಯ ವರದಿಗಳ ನೆರಳಚ್ಚು ಪ್ರತಿಗಳ ಪಕ್ಕದಲ್ಲಿದೆ.