ಇಂಜೆಕ್ಟರ್‌ಗೆ ಎಷ್ಟು ಕರೆಂಟು? ಮೆಕ್ಯಾನಿಕ್ ಬಂಧುಗಳಿಗಾಗಿ

ಕಂಬಂ, ಗೂಡಲೂರು, ಬೋಡಿ ಕಡೆಯಿಂದ ಏಲಕ್ಕಿ ತೋಟದ ಕೆಲಸದವರನ್ನು ಕೂರಿಸಿಕೊಂಡು ಕುಮಳಿ, ಕಂಬಂಮೆಟ್ಟು, ಬೋಡಿಮೆಟ್ಟು ಘಾಟಿ ಹತ್ತುವ ಜೀಪುಗಳಲ್ಲಿ ಈಗ ಕಾಮನ್ ರೈಲ್ ಡೀಸೆಲ್ ಎಂಜಿನ್‌ಗಳೂ ಇವೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲೂ ಹೆಚ್ಚುಕಡಿಮೆ ಎಲ್ಲ ಕಡೆ ಕಾರ್ಬ್ಯುರೇಟರ್ ಜಾಗಕ್ಕೆ ಇಂಜೆಕ್ಟರ್ ಬಂದಿದೆ. ಅದರ ಒಳಗಿನ ಲೆಕ್ಕವನ್ನು ವರ್ಕ್‌ಶಾಪ್ ಇಟ್ಟಿರುವ ನಮ್ಮವರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಹಳೆಯ ಡೀಸೆಲ್ ಎಂಜಿನ್‌ನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1951ರಲ್ಲಿ ಶುರುವಾದ ಮೈಕೋ, ಅಂದರೆ ಇಂದಿನ ಬಾಷ್, ಮಾಡಿದ ಪಂಪು ನಾಜಲ್ಲುಗಳಲ್ಲಿ ಡೀಸೆಲ್ ಒತ್ತಡವೇ ಸೂಜಿಯನ್ನು ಎತ್ತುತ್ತಿತ್ತು. ಈಗ ಸೂಜಿ ಯಾವಾಗ ಏಳಬೇಕೆಂಬುದು ಒಂದು ವಿದ್ಯುತ್ ಸುರುಳಿಯ ಕೈಯಲ್ಲಿದೆ. ಸುರುಳಿಗೆ ಕರೆಂಟು ಬಿಡುವುದು ಇಸಿಯು ಒಳಗಿನ ಸಾಫ್ಟ್‌ವೇರ್.

ನಿಂತ ಗಾಡಿಯನ್ನು ತಳ್ಳಿದ ಹಾಗೆ ಇದು. ಮೊದಲು ಜೋರಾಗಿ ನೂಕಬೇಕು, ಉರುಳಿದ ಮೇಲೆ ಕೈ ಇಟ್ಟರೆ ಸಾಕು. ಕವಾಟ ಮುಚ್ಚಿರುವಾಗ ಅಯಸ್ಕಾಂತಕ್ಕೂ ಕಬ್ಬಿಣದ ತುಂಡಿಗೂ ನಡುವೆ ಸಂದು ಇರುತ್ತದೆ, ಎಳೆಯಲು ಹೆಚ್ಚು ಕರೆಂಟು ಬೇಕು. ಅಂಟಿಕೊಂಡ ಮೇಲೆ ಹಿಡಿದಿಡಲು ಸ್ವಲ್ಪವೇ ಸಾಕು. ಕಡಿಮೆ ಓಮ್‌ನ ಪೆಟ್ರೋಲ್ ಇಂಜೆಕ್ಟರ್‌ಗೆ ಸಾಮಾನ್ಯವಾಗಿ 4 ಆಂಪಿಯರ್ ಕೊಟ್ಟು ತೆರೆದು, 1 ಆಂಪಿಯರ್‌ಗೆ ಇಳಿಸುತ್ತಾರೆ. ಸುರುಳಿ 2 ಓಮ್ ಎಂದಿಟ್ಟುಕೊಳ್ಳಿ. ಶಾಖ 32 ವಾಟ್‌ನಿಂದ 2 ವಾಟ್‌ಗೆ ಇಳಿಯಿತು. ಎಲ್‌ಎಂ1949 ಎಂಬ ಹಳೆಯ ಚಿಪ್‌ನಲ್ಲಿ ಈ ನಾಲ್ಕಕ್ಕೆ ಒಂದು ಅನುಪಾತ ಚಿಪ್‌ನೊಳಗೇ ಕಟ್ಟಿಟ್ಟದ್ದು. ಈಗಿನ ಇಸಿಯುಗಳಲ್ಲಿ ಎಷ್ಟು, ಎಷ್ಟು ಹೊತ್ತು ಎಂಬುದೆಲ್ಲ ಸಾಫ್ಟ್‌ವೇರ್ ಕೋಷ್ಟಕದಲ್ಲಿರುತ್ತದೆ. ಸಣ್ಣ ರೆಸಿಸ್ಟರ್ ಮೂಲಕ ಕರೆಂಟನ್ನು ಅಳೆಯುತ್ತಾ, ಸ್ವಿಚ್ಚನ್ನು ಸೆಕೆಂಡಿಗೆ ಸಾವಿರಾರು ಸಲ ಹಾಕಿ ತೆಗೆದು, ಮಟ್ಟವನ್ನು ಕಾಯುತ್ತದೆ.

ಬೈಕುಗಳಲ್ಲಿ ಹೆಚ್ಚಾಗಿರುವುದು 12 ಓಮ್ ಆಸುಪಾಸಿನ ಇಂಜೆಕ್ಟರ್. ಅದಕ್ಕೆ ಈ ನಾಜೂಕು ಬೇಡ, 12 ವೋಲ್ಟ್ ಕೊಟ್ಟರೂ 1 ಆಂಪಿಯರ್ ದಾಟದು. ಆದರೆ ಬ್ಯಾಟರಿ ಇಳಿದರೆ ಕವಾಟ ತಡವಾಗಿ ತೆರೆಯುತ್ತದೆ. ಇಸಿಯು ವೋಲ್ಟೇಜ್ ನೋಡಿ ಆ ಹೊತ್ತನ್ನು ಸೇರಿಸಿ ಕೊಡುತ್ತದೆ. ಬೆಳಗಿನ ಚಳಿಯಲ್ಲಿ ಗಾಡಿ ಎದ್ದೇಳದಿದ್ದರೆ ಇಂಜೆಕ್ಟರ್ ಬಿಚ್ಚುವ ಮುಂಚೆ ಬ್ಯಾಟರಿ, ಅರ್ತ್ ನೋಡಿ ಎನ್ನುವುದು ಇದಕ್ಕೇ.

ಕಾಮನ್ ರೈಲ್‌ನ ಮಾತೇ ಬೇರೆ. ಸೊಲೆನಾಯ್ಡ್ ಸುರುಳಿ ಹಲವು ಇಂಜೆಕ್ಟರ್‌ಗಳಲ್ಲಿ ಒಂದು ಓಮ್‌ಗೂ ಕಡಿಮೆ, ತೆರೆಯಲು 20 ಆಂಪಿಯರ್ ಹತ್ತಿರ ಬೇಕು. ಅಷ್ಟು ಬೇಗ ಏರಿಸಲು ಇಸಿಯು ಕೆಪಾಸಿಟರ್‌ನಲ್ಲಿ ಬ್ಯಾಟರಿಗಿಂತ ಹಲವು ಪಟ್ಟು ವೋಲ್ಟೇಜ್ ಕೂಡಿಡುತ್ತದೆ. ಎಂಜಿನ್ ಓಡುವಾಗ ಆ ಕನೆಕ್ಟರ್ ಎಳೆಯಬೇಡಿ, ಶಾಕ್ ಹೊಡೆಯಬಹುದು. ಟಿಕ್ ಸದ್ದು ಕೇಳಲೆಂದು ಬ್ಯಾಟರಿಯಿಂದ ನೇರ ತಂತಿ ಕೊಡುವ ಪದ್ಧತಿ ಕೆಲವೆಡೆ ಉಂಟು. ಕರೆಂಟಿಗೆ ಮಿತಿ ಹಾಕುವವರು ಯಾರೂ ಇಲ್ಲದ್ದರಿಂದ ಸುರುಳಿ ಸುಟ್ಟುಹೋಗುತ್ತದೆ. ಕನೆಕ್ಟರ್ ಬಿಚ್ಚಿ ಮೀಟರ್‌ನಲ್ಲಿ ಓಮ್ ನೋಡುವುದು ಸರಿಯಾದ ದಾರಿ. ಹೊಸ ಇಂಜೆಕ್ಟರ್ ಹಾಕಿದಾಗ ಅದರ ಮೈಮೇಲೆ ಕೋಡ್ ಇದ್ದರೆ ಸ್ಕ್ಯಾನರ್‌ನಿಂದ ಇಸಿಯುಗೆ ಬರೆಸಿ, ಆಮೇಲೆ ಗಾಡಿಯನ್ನು ಘಾಟಿಗೆ ಬಿಡಿ.